ಆ ಸಹಿ ಹಾಕುವ ಮುಂಚೆ: ಆಸ್ಟಿನ್‌ನ ಕನ್ನಡಿಗ ಮನೆಮಾಲೀಕರಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಸ್ವಂತ ಮನೆ ಮಾಡಿಕೊಂಡಿರುವ ಕನ್ನಡಿಗರೆಲ್ಲರಿಗೂ ನಮಸ್ಕಾರ.

ಕೆಲವು ವಾರಗಳಿಂದ ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದು ಮನವಿ ಪತ್ರ ಓಡಾಡುತ್ತಿದೆ. ಮುಖ್ಯ ರಸ್ತೆ ಪಕ್ಕದ ಹಳೇ ಅಂಗಡಿ ಸಾಲು, ಅದರ ಮುಂದೆ ಮುಕ್ಕಾಲುಪಾಲು ಖಾಲಿ ಬಿದ್ದಿರುವ ಪಾರ್ಕಿಂಗ್ ಜಾಗ ಇದೆಯಲ್ಲ, ಅಲ್ಲಿ ಅಪಾರ್ಟ್‌ಮೆಂಟ್ ಬರುತ್ತದಂತೆ. ಟ್ರಾಫಿಕ್ ಜಾಸ್ತಿಯಾಗುತ್ತದೆ, ಶಾಲೆ ತುಂಬಿಹೋಗುತ್ತದೆ, ನಮ್ಮ ಮನೆಗಳ ಬೆಲೆ ಬೀಳುತ್ತದೆ, ಬಾಡಿಗೆಯವರು ಬಂದು ತುಂಬಿಕೊಳ್ಳುತ್ತಾರೆ, ಆದ್ದರಿಂದ ಬೇಡ ಅಂತ ಎಲ್ಲರೂ ಸಹಿ ಹಾಕಿ ಅನ್ನುವುದು ಅದರ ಸಾರಾಂಶ. ಹಬ್ಬದ ಊಟದ ಪಂಕ್ತಿಯಲ್ಲೂ ಇದೇ ಮಾತು. ಒಬ್ಬೊಬ್ಬರನ್ನೇ ಹಿಡಿದು ವಾದ ಮಾಡಿದರೆ ಊಟ ಆರಿಹೋಗುತ್ತದೆ, ಸ್ನೇಹವೂ ಕೆಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಆ ಪತ್ರಕ್ಕೆ ಸಹಿ ಹಾಕಿಲ್ಲ. ನೀವೂ ಹಾಕಬೇಡಿ.

ಮೊದಲು ಆ 'ಬಾಡಿಗೆಯವರು' ಅನ್ನುವ ಮಾತು. ನಮ್ಮಲ್ಲಿ ಯಾರು ಈ ಊರಿಗೆ ಇಳಿದ ದಿನವೇ ಮನೆ ಕೊಂಡುಕೊಂಡೆವು? ಎರಡು ಸೂಟ್‌ಕೇಸು, ಒಂದು ಕುಕ್ಕರು, ಆಮೇಲೆ ಪಾರ್ಮರ್ ಲೇನ್ ಕಡೆಯೋ ಬರ್ನೆಟ್ ರಸ್ತೆ ಕಡೆಯೋ ಒಂದು ಅಪಾರ್ಟ್‌ಮೆಂಟು, ಅದರಲ್ಲೂ ಅರ್ಧ ಪಾಲು ಇನ್ನೊಬ್ಬರದು. ಎಲ್ಲರ ಕಥೆಯೂ ಹೆಚ್ಚುಕಮ್ಮಿ ಇಷ್ಟೇ ಅಲ್ವಾ? ಈಗ ಬರುತ್ತಿರುವ ಹುಡುಗ ಹುಡುಗಿಯರ ಪಾಡು ಇನ್ನೂ ಕಷ್ಟ. ಎಚ್‌-1ಬಿ ವೀಸಾ, ಗ್ರೀನ್ ಕಾರ್ಡಿನ ಸರದಿ ಹನುಮಂತನ ಬಾಲದ ಹಾಗೆ ಬೆಳೆದಿದೆ. ಕೆಲಸ ಹೋದರೆ ಅರವತ್ತು ದಿನದಲ್ಲಿ ಇನ್ನೊಂದು ಹುಡುಕಬೇಕು. ಮನೆ ಕೊಳ್ಳಲು ಅವರಿಗೆ ಧೈರ್ಯ ಬರುವುದಾದರೂ ಹೇಗೆ? ಅವರು ಬಾಡಿಗೆಗೇ ಇರುತ್ತಾರೆ, ವರ್ಷಗಟ್ಟಲೆ. ಅವರನ್ನು ಪಿಡುಗಿನ ಹಾಗೆ ಬರೆದ ಪತ್ರಕ್ಕೆ ನಮ್ಮ ಹೆಸರು ಯಾಕೆ ಸೇರಬೇಕು?

ಸರಿ, ಭಾವನೆಯ ಮಾತು ಪಕ್ಕಕ್ಕಿಡೋಣ. ಆ ಸಹಿಗೆ ಕಾನೂನಿನಲ್ಲಿ ಬೆಲೆ ಎಷ್ಟು ಅಂತ ನೋಡೋಣ.

ಟೆಕ್ಸಸ್‌ನಲ್ಲಿ ಹಳೇ ನಿಯಮ ಹೀಗಿತ್ತು. ಒಂದು ಜಾಗದ ಜೋನಿಂಗ್, ಅಂದರೆ ಅಲ್ಲಿ ಏನು ಕಟ್ಟಬಹುದು ಅನ್ನುವ ನಿಯಮ, ಬದಲಾಯಿಸುವಾಗ, ಸುತ್ತಲಿನ 200 ಅಡಿಯೊಳಗಿನ ಜಮೀನಿನಲ್ಲಿ ಶೇ. 20ರಷ್ಟರ ಮಾಲೀಕರು ಲಿಖಿತವಾಗಿ ವಿರೋಧಿಸಿದರೆ ಸಾಕು, ನಗರದ ಕೌನ್ಸಿಲ್‌ನಲ್ಲಿ ಸಾಮಾನ್ಯ ಬಹುಮತ ಸಾಲುತ್ತಿರಲಿಲ್ಲ, ನಾಲ್ಕರಲ್ಲಿ ಮೂರು ಪಾಲು ಮತ ಬೇಕಾಗುತ್ತಿತ್ತು. ಅಂದರೆ ಆರೇಳು ಮನೆಯವರು ಸೇರಿದರೆ ಇಡೀ ಊರಿನ ತೀರ್ಮಾನವನ್ನು ತಡೆಯಬಹುದಿತ್ತು. 2025ರ ಸೆಪ್ಟೆಂಬರ್ 1ರಿಂದ ಇದು ಬದಲಾಗಿದೆ. ಎಚ್‌ಬಿ 24 ಅನ್ನುವ ರಾಜ್ಯದ ಕಾನೂನಿನ ಪ್ರಕಾರ, ಜಾಸ್ತಿ ಮನೆ ಕಟ್ಟಲು ಅವಕಾಶ ಕೊಡುವ ಬದಲಾವಣೆಯಾದರೆ ಶೇ. 60ರಷ್ಟು ಜಮೀನಿನವರು ವಿರೋಧಿಸಬೇಕು. ಆಗಲೂ ಕೌನ್ಸಿಲ್ ಸಾಮಾನ್ಯ ಬಹುಮತದಿಂದಲೇ ಒಪ್ಪಿಗೆ ಕೊಡಬಹುದು. ಅದೇ ದಿನ ಜಾರಿಗೆ ಬಂದ ರಾಜ್ಯದ ಇನ್ನೊಂದು ಕಾನೂನು, ಎಸ್‌ಬಿ 840, ಇನ್ನೂ ಮುಂದೆ ಹೋಗುತ್ತದೆ. ದೊಡ್ಡ ಕೌಂಟಿಗಳಲ್ಲಿರುವ (ನಮ್ಮೂರ ಕಡೆಯ ಜಿಲ್ಲೆಯಂಥವು), ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಜನರ ಊರುಗಳಲ್ಲಿ ಅಂಗಡಿ, ಆಫೀಸಿಗೆಂದು ಮೀಸಲಾದ ಜಾಗದಲ್ಲಿ ಜೋನಿಂಗ್ ಬದಲಾಯಿಸದೆಯೇ ಅಪಾರ್ಟ್‌ಮೆಂಟ್ ಕಟ್ಟಬಹುದು. ನಮ್ಮ ಆ ಹಳೇ ಅಂಗಡಿ ಸಾಲು ಅಂಥ ಜಾಗವೇ. ಹಾಗಾಗಿ ಅಲ್ಲಿ ಕೌನ್ಸಿಲ್ ಮುಂದೆ ಮತಕ್ಕೆ ಬರಲು ಏನೂ ಇಲ್ಲ. ನೀವು ಹಾಕಿದ ಸಹಿ ಸುಮ್ನೆ ಒಂದು ಇಮೇಲ್ ಆಗಿ ಯಾವುದೋ ಕಡತಕ್ಕೆ ಸೇರುತ್ತದೆ, ಅಷ್ಟೇ. (ಪಕ್ಕದ ಊರುಗಳಾದ ಸೀಡರ್ ಪಾರ್ಕ್, ರೌಂಡ್ ರಾಕ್‌ನವರು ಕೇಳುತ್ತಿದ್ದಿರಿ: ನಿಮ್ಮ ಊರುಗಳು ಆ ಒಂದೂವರೆ ಲಕ್ಷದ ಗೆರೆ ಇನ್ನೂ ದಾಟಿಲ್ಲ. ಈ ಕಾನೂನು ನಿಮಗೆ ಸದ್ಯಕ್ಕೆ ಇಲ್ಲ.)

'ಕಾನೂನು ಹಾಗಿದ್ದರೆ ಇರಲಿ, ತಪ್ಪು ಅಂತ ಹೇಳುವ ಹಕ್ಕು ನಮಗಿಲ್ವಾ?' ಅಂತ ಒಬ್ಬ ಹಿರಿಯರು ಕೇಳಿದರು. ಖಂಡಿತ ಇದೆ ಸರ್. ಆದರೆ ಆ ಹಕ್ಕನ್ನು ಈ ಊರು ಹಿಂದೆ ಹೇಗೆ ಬಳಸಿಕೊಂಡಿತು ಅನ್ನುವುದನ್ನೂ ಸ್ವಲ್ಪ ನೋಡಬೇಕು.

1928ರಲ್ಲಿ ಆಸ್ಟಿನ್ ಒಂದು ನಗರ ಯೋಜನೆ ಮಾಡಿಸಿತು. ಕಪ್ಪು ಜನರನ್ನೆಲ್ಲ ಈಸ್ಟ್ ಅವೆನ್ಯೂವಿನ ಆಚೆಗೆ, ಊರಿನ ಪೂರ್ವಕ್ಕೆ ಸೇರಿಸಬೇಕು ಅನ್ನುವುದು ಅದರಲ್ಲಿ ಲಿಖಿತವಾಗಿಯೇ ಇತ್ತು. ಅವರ ಶಾಲೆ, ಪಾರ್ಕುಗಳನ್ನು ಆ ಕಡೆಯಲ್ಲಿ ಮಾತ್ರ ಇಟ್ಟರೆ ಜನ ತಾವಾಗಿಯೇ ಅತ್ತ ಹೋಗುತ್ತಾರೆ ಅನ್ನುವ ಲೆಕ್ಕಾಚಾರ. 1962ರಲ್ಲಿ ಅದೇ ಈಸ್ಟ್ ಅವೆನ್ಯೂ ಮೇಲೆ ಐ-35 ಹೆದ್ದಾರಿ ಬಂತು. ನಾವು ದಿನಾ ಬೈದುಕೊಂಡು ಓಡಾಡುವ ಅದೇ ಐ-35. ಮುಂದೆ ಊರು ಬೆಳೆದಾಗ ಪಶ್ಚಿಮದ ಬಡಾವಣೆಗಳು ತಮ್ಮ ಬೇಲಿ ಗಟ್ಟಿ ಮಾಡಿಕೊಂಡವು. ಬೆಳೆಯಲೇಬೇಕಾದದ್ದು ಪೂರ್ವಕ್ಕೆ ನುಗ್ಗಿತು. ಬಾಡಿಗೆ, ತೆರಿಗೆ ಎರಡೂ ಏರಿ ಅಲ್ಲಿದ್ದವರು ಊರು ಬಿಟ್ಟರು. 2000 ಮತ್ತು 2010ರ ಜನಗಣತಿಗಳ ನಡುವೆ ಆಸ್ಟಿನ್ ಜನಸಂಖ್ಯೆ 6,56,562ರಿಂದ 7,90,390ಕ್ಕೆ ಏರಿತು. ಅದೇ ಅವಧಿಯಲ್ಲಿ ಕಪ್ಪು ಜನರ ಸಂಖ್ಯೆ ಮಾತ್ರ ಇಳಿಯಿತು. ಬೇಡ ಅಂತ ನಾವು ಹಾಕುವ ಸಹಿ ಬೆಳವಣಿಗೆಯನ್ನು ನಿಲ್ಲಿಸುವುದಿಲ್ಲ. ಸಹಿ ಹಾಕಲು ಬಿಡುವಿಲ್ಲದವರ, ವಕೀಲರಿಲ್ಲದವರ ಬಾಗಿಲಿಗೆ ಅದನ್ನು ತಳ್ಳುತ್ತದೆ. 2020ಕ್ಕೆ ಊರಿನ ಜನಸಂಖ್ಯೆ 9,61,855. ಅದನ್ನೇನೂ ಯಾರ ಮನವಿ ಪತ್ರವೂ ತಡೆಯಲಿಲ್ಲ.

ಊರಿನ ಕಟ್ಟಡ ನಿಯಮಗಳ ಪುಸ್ತಕ 1984ರದ್ದು. ಅದನ್ನು ತಿದ್ದುವುದಕ್ಕೆ ಕೋಡ್‌ನೆಕ್ಸ್ಟ್ ಅನ್ನುವ ಹೆಸರಿನಲ್ಲಿ ವರ್ಷಗಟ್ಟಲೆ ಒದ್ದಾಡಿ 2018ರಲ್ಲಿ ಕೈಬಿಟ್ಟರು. ಇನ್ನೊಮ್ಮೆ ಶುರು ಮಾಡಿದರು. ಮನೆಮಾಲೀಕರು ಕೋರ್ಟಿಗೆ ಹೋದರು, 2020ರಲ್ಲಿ ಅದೂ ನಿಂತಿತು. ಆಮೇಲೆ ಕೌನ್ಸಿಲ್ ದೊಡ್ಡ ಪುಸ್ತಕದ ತಂಟೆಗೇ ಹೋಗದೆ ಒಂದೊಂದೇ ನಿಯಮ ಹಿಡಿದು ಬದಲಾಯಿಸಿತು. 2023ರ ನವೆಂಬರ್‌ನಲ್ಲಿ, ಕಟ್ಟಡಕ್ಕೆ ಇಷ್ಟು ಪಾರ್ಕಿಂಗ್ ಇರಲೇಬೇಕು ಅನ್ನುವ ಕಟ್ಟಳೆ ಹೋಯಿತು. ಡಿಸೆಂಬರ್‌ನಲ್ಲಿ ಹೋಮ್ ಅನ್ನುವ ಹೊಸ ನಿಯಮದ ಮೊದಲ ಹಂತ: ಒಂದು ಮನೆಯ ಸೈಟಿನಲ್ಲಿ ಮೂರು ಮನೆ ಕಟ್ಟಬಹುದು. 2024ರ ಮೇ ತಿಂಗಳಲ್ಲಿ ಎರಡನೇ ಹಂತ: ಸೈಟಿನ ಕನಿಷ್ಠ ಅಳತೆ 5,750 ಚದರಡಿಯಿಂದ 1,800 ಚದರಡಿಗೆ ಇಳಿಯಿತು.

ಈ 1,800 ಕೇಳಿ ನಮ್ಮವರು 'ಅಯ್ಯೋ, ಬೆಂಕಿಪೊಟ್ಟಣದಂಥ ಮನೆ' ಅಂತ ಮೂಗು ಮುರಿದಾಗ ನನಗೆ ನಗು ತಡೆಯಲಾಗಲಿಲ್ಲ. ಲೆಕ್ಕ ಹಾಕಿ ನೋಡಿ, ಅದು ಬೆಂಗಳೂರಿನ 30-60 ಸೈಟು. ನಮ್ಮಲ್ಲಿ ಮುಕ್ಕಾಲು ಜನ ಬೆಳೆದದ್ದು 30-40ರಲ್ಲಿ. ಅದರಲ್ಲೇ ಕೆಳಗೆ ಓನರ್ರು, ಮೇಲೆ ಬಾಡಿಗೆಯವರು, ಹಿಂದೆ ಒಂದು ಔಟ್‌ಹೌಸು, ಮುಂದೆ ಒಂದು ದಾಸವಾಳದ ಗಿಡ. ಜಯನಗರದಲ್ಲಿ 30-60 ಸೈಟು ಇದೆ ಅಂದರೆ ಮದುವೆ ಮಾತುಕತೆಯ ಧಾಟಿಯೇ ಬದಲಾಗುತ್ತದೆ. ಇಲ್ಲಿ ಅದೇ ಅಳತೆ ಕೊಳೆಗೇರಿ ಹೇಗಾಗುತ್ತದೆ?

ಇನ್ನೊಂದು ವಿಷಯ. ಹೋಮ್ ನಿಯಮ ಬಂದರೂ ಎಚ್‌ಒಎ, ಅಂದರೆ ಮನೆಮಾಲೀಕರ ಸಂಘ, ಇರುವ ಬಡಾವಣೆಗಳ ಖಾಸಗಿ ಕರಾರುಗಳು ಹಾಗೇ ಉಳಿಯುತ್ತವೆ. ಒಂದು ಸೈಟಿಗೆ ಒಂದೇ ಮನೆ ಅಂತ ನಿಮ್ಮ ಕರಾರಿನಲ್ಲಿದ್ದರೆ ಪಕ್ಕದವರು ಮೂರು ಕಟ್ಟುವುದಕ್ಕೆ ಆಗುವುದಿಲ್ಲ. ಅಂದರೆ ಜೋರಾಗಿ ವಿರೋಧಿಸುತ್ತಿರುವ ನಮ್ಮಲ್ಲಿ ಬಹಳಷ್ಟು ಜನರ ಬೀದಿಯಲ್ಲಿ ಏನೂ ಬದಲಾಗುವುದೇ ಇಲ್ಲ.

ಈಗ ನಿಮ್ಮಲ್ಲಿ ಹಲವರು ಹೇಳುವ ದೊಡ್ಡ ಮಾತಿಗೆ ಬರುತ್ತೇನೆ. 'ಬೆಂಗಳೂರನ್ನು ನೋಡಿ ಸಾಕಾಗಿ ಇಲ್ಲಿಗೆ ಬಂದಿದ್ದೇವೆ, ಇದನ್ನೂ ಬೆಂಗಳೂರು ಮಾಡಬೇಡಿ.' ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರಿಗೆ, ಮಳೆ ಬಂದರೆ ಮೊಣಕಾಲು ನೀರಲ್ಲಿ ಗಾಡಿ ತಳ್ಳಿದವರಿಗೆ ಆ ಭಯ ಸಹಜ. ಆದರೆ ಬೆಂಗಳೂರು ಕೆಟ್ಟಿದ್ದು ಮನೆಗಳು ಒತ್ತೊತ್ತಾಗಿ ಬಂದದ್ದರಿಂದ ಅಂತ ನನಗೆ ಅನ್ನಿಸುವುದಿಲ್ಲ. ಪೈಪು ಬರುವ ಮುಂಚೆ, ಚರಂಡಿ ಬರುವ ಮುಂಚೆ, ಬಸ್ಸು ಬರುವ ಮುಂಚೆ ಊರು ಹೊರಹೊರಕ್ಕೆ ಹರಡಿತು. ಅದು ರೋಗ. 110 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿದ್ದು 2007ರಲ್ಲಿ. ಆ ಹಳ್ಳಿಗಳಿಗಾಗಿಯೇ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ! ಅದೇ ಮಲ್ಲೇಶ್ವರ, ಬಸವನಗುಡಿ ನೋಡಿ. ಮನೆಗೆ ಮನೆ ಅಂಟಿಕೊಂಡಿದೆ, ಆದರೂ ಅಲ್ಲೊಂದು ಮನೆ ಸಿಕ್ಕರೆ ಸಾಕು ಅಂತ ಎಲ್ಲರಿಗೂ ಆಸೆ. ನಡೆದು ಹೋಗಿ ಹೂವು, ತರಕಾರಿ, ಕಾಫಿಪುಡಿ ತರಬಹುದು.

ಆಸ್ಟಿನ್‌ನಲ್ಲಿ ವೈಟ್‌ಫೀಲ್ಡಿನ ಆಚೆಯ ಹಾಗಿರುವುದು ಯಾವುದು ಹೇಳಿ? ಲಿಯಾಂಡರ್ ದಾಟಿ, ಲಿಬರ್ಟಿ ಹಿಲ್ ಕಡೆಗೆ ಹುಲ್ಲುಗಾವಲು ಸವರಿ ಹಾಕುತ್ತಿರುವ ಲೇಔಟುಗಳು. ಮನೆ ಮೊದಲು, ರಸ್ತೆ ಅಗಲ ಮಾಡುವುದು ಆಮೇಲೆ, ಬಸ್ಸು ಯಾವಾಗಲೋ. ಊರೊಳಗೆ ನಾವು ಬೇಡ ಅಂದ ಮನೆಗಳು ಹೋಗಿ ಕೂರುವುದು ಅಲ್ಲಿ. ಅಲ್ಲಿಂದ ಕೆಲಸಕ್ಕೆ ಬರುವವರ ಕಾರು ಓಡುವುದು ನಮ್ಮ ರಸ್ತೆಯಲ್ಲೇ. ಟ್ರಾಫಿಕ್ಕಿಗೆ ಹೆದರಿ ಹತ್ತಿರದ ಮನೆಗಳನ್ನು ತಡೆದರೆ ಬರುವುದು ಅದೇ ಟ್ರಾಫಿಕ್ಕು, ಇನ್ನೂ ದೂರದಿಂದ.

ನೀರಿನ ಮಾತೂ ಹಾಗೇ. 1992ರಲ್ಲಿ ಈ ಊರಿನ ಜನ ಬಾರ್ಟನ್ ಸ್ಪ್ರಿಂಗ್ಸ್ ಉಳಿಸಲು ಮತ ಹಾಕಿ ಒಂದು ಕಾನೂನು ತಂದರು. ಆ ಬುಗ್ಗೆಗೆ ನೀರು ಇಂಗುವ ಪ್ರದೇಶದಲ್ಲಿ ಕಾಂಕ್ರೀಟು, ಡಾಂಬರು, ಚಾವಣಿ ಎಲ್ಲ ಸೇರಿ ಜಾಗದ ಶೇ. 15ರಿಂದ 25ಕ್ಕಿಂತ ಹೆಚ್ಚು ಮುಚ್ಚುವಂತಿಲ್ಲ. ಒಳ್ಳೆಯ ಕಾನೂನು. ಅದು ಉಳಿಯಬೇಕಾದರೆ ಆ ಪ್ರದೇಶದ ಹೊರಗೆ, ಈಗಾಗಲೇ ಡಾಂಬರು ಹಾಕಿರುವ ಕಡೆ ಮನೆ ಕಟ್ಟಲು ಬಿಡಬೇಕು. ನಮ್ಮ ಆ ಖಾಲಿ ಪಾರ್ಕಿಂಗ್ ಜಾಗದಂಥ ಕಡೆ. ಅಲ್ಲಿ ಕಡಿಯುವುದಕ್ಕೆ ಒಂದು ಮರವೂ ಇಲ್ಲ. ನೂರು ಮನೆಯ ಅಪಾರ್ಟ್‌ಮೆಂಟಿಗೆ ನೂರು ಹುಲ್ಲುಹಾಸು ಇರುವುದಿಲ್ಲ. ಜುಲೈ ಬಿಸಿಲಲ್ಲಿ ನಾವು ಸ್ಪ್ರಿಂಕ್ಲರ್ ಹಾಕಿ ಹುಲ್ಲಿಗೆ ಸುರಿಯುವ ನೀರು ಎಷ್ಟು ಅಂತ ನಮ್ಮ ನಮ್ಮ ಬಿಲ್ಲೇ ಹೇಳುತ್ತದೆ.

ಮನೆ ಬೆಲೆ. ಇದನ್ನು ಗುಟ್ಟು ಮಾಡದೆ ಹೇಳಿಬಿಡೋಣ. 2022ರ ಮೇ ಹೊತ್ತಿಗೆ ಆಸ್ಟಿನ್ ಸುತ್ತಮುತ್ತ ಮಾರಾಟವಾದ ಮನೆಗಳ ನಡುಮಧ್ಯದ ಬೆಲೆ ಸುಮಾರು ಐದೂವರೆ ಲಕ್ಷ ಡಾಲರ್ ಮುಟ್ಟಿತ್ತು. ಆಮೇಲೆ ಇಳಿಯಿತು. ಆಗ ಕೊಂಡವರ ಸಂಕಟ ನನಗೆ ಅರ್ಥವಾಗುತ್ತದೆ. ನಮ್ಮ ಮನೆಯ ಬೆಲೆಯೂ ಇಳಿದಿದೆ. ಆದರೆ ಹೋಮ್ ನಿಯಮ ಬಂದದ್ದು 2023ರ ಕೊನೆಗೆ. ಅಷ್ಟರಲ್ಲಿ ಬೆಲೆ ಇಳಿದಾಗಿತ್ತು, ಸಾಲದ ಬಡ್ಡಿ ಶೇ. 3ರಿಂದ 7ರ ಹತ್ತಿರ ಹೋಗಿತ್ತು. ತಪ್ಪನ್ನು ಅಪಾರ್ಟ್‌ಮೆಂಟಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಾಗಂತ ಬಾಡಿಗೆ ಇಳಿದ ಶ್ರೇಯಸ್ಸನ್ನೆಲ್ಲ ಹೋಮ್‌ಗೆ ಕೊಡುವವರ ಮಾತನ್ನೂ ನಾನು ಒಪ್ಪುವುದಿಲ್ಲ. 2022ರ ತುದಿಯಿಂದ ಇಲ್ಲಿ ಬಾಡಿಗೆ ಸುಮಾರು ಶೇ. 20ರಷ್ಟು ಇಳಿದಿದೆ. ಕಾರಣ, ಅದಕ್ಕೂ ಮುಂಚೆ ಮುಖ್ಯ ರಸ್ತೆಗಳ ಉದ್ದಕ್ಕೂ ಶುರುವಾಗಿದ್ದ ದೊಡ್ಡ ಅಪಾರ್ಟ್‌ಮೆಂಟುಗಳು ಒಟ್ಟೊಟ್ಟಿಗೆ ಮುಗಿದವು. ಜನ ಬರುವುದು ನಿಂತಿರಲಿಲ್ಲ, ಆದರೂ ಬಾಡಿಗೆ ಇಳಿಯಿತು. ಒಂದು ತಿಂಗಳು ಬಾಡಿಗೆ ಬೇಡ, ಬನ್ನಿ ಅಂತ ಮಾಲೀಕರೇ ಬೋರ್ಡು ನೆಟ್ಟರು. ಹೊಸದಾಗಿ ಬಂದ ನಮ್ಮ ಹುಡುಗರನ್ನು ಕೇಳಿ, ಹೇಳುತ್ತಾರೆ.

ಅವರಷ್ಟೇ ಅಲ್ಲ. ನಮ್ಮ ಇಂಡಿಯನ್ ದಿನಸಿ ಅಂಗಡಿಯ ಗಲ್ಲಾದಲ್ಲಿ ಕೂರುವವರು, ಗೃಹಪ್ರವೇಶಕ್ಕೆ ಅಡುಗೆ ಮಾಡಿಕೊಡುವವರು, ಮಕ್ಕಳನ್ನು ನೋಡಿಕೊಳ್ಳುವವರು ಎಲ್ಲಿಂದ ಬರುತ್ತಾರೆ ಅಂತ ಒಮ್ಮೆ ವಿಚಾರಿಸಿ. ಊರಾಚೆಯ ಹಟ್ಟೋ, ಮೇನರ್, ಕೈಲ್. ಸಂಜೆ ಐದರ ಮೇಲೆ ಹೊರಟರೆ ಮನೆ ಸೇರುವಾಗ ರಾತ್ರಿ ಊಟದ ಹೊತ್ತು.

ಶಾಲೆ ತುಂಬಿಹೋಗುತ್ತದೆ ಅನ್ನುವ ಮಾತಂತೂ ನನಗೆ ಅರ್ಥವೇ ಆಗುವುದಿಲ್ಲ. ಆಸ್ಟಿನ್ ಶಾಲಾ ಜಿಲ್ಲೆಯಲ್ಲಿ ಮಕ್ಕಳು ಕಮ್ಮಿಯಾಗುತ್ತಿದ್ದಾರೆ. 2025ರ ನವೆಂಬರ್‌ನಲ್ಲಿ ಹಲವು ಶಾಲೆಗಳನ್ನು ಮುಚ್ಚಲು ಮಂಡಳಿ ತೀರ್ಮಾನಿಸಿತು. ಹುಟ್ಟುವ ಮಕ್ಕಳೇ ಕಮ್ಮಿ, ಚಾರ್ಟರ್ ಶಾಲೆಗಳು (ಸರ್ಕಾರದ ದುಡ್ಡಿನಲ್ಲಿ ಬೇರೆಯವರು ನಡೆಸುವವು) ಜಾಸ್ತಿ ಅನ್ನುವುದೆಲ್ಲ ಇದೆ. ಜೊತೆಗೆ ಪುಟ್ಟ ಮಕ್ಕಳಿರುವ ಸಂಸಾರಗಳಿಗೆ ಊರೊಳಗೆ ಮನೆ ಎಟುಕುವುದಿಲ್ಲ ಅನ್ನುವುದೂ ಇದೆ.

ಇದೆಲ್ಲ ಆಸ್ಟಿನ್‌ನ ಹುಚ್ಚು ಅಂತ ತಿಳಿಯಬೇಡಿ. ಪಕ್ಕದ ಹ್ಯೂಸ್ಟನ್ 1998ರಲ್ಲೇ ಊರ ನಡುವಿನ ಸೈಟಿನ ಅಳತೆಯನ್ನು 1,400 ಚದರಡಿಗೆ ಇಳಿಸಿತ್ತು. ಕೆನಡಾದ ಎಡ್ಮಂಟನ್ ಪಾರ್ಕಿಂಗ್ ಕಟ್ಟಳೆಯನ್ನು 2020ರಲ್ಲೇ ತೆಗೆಯಿತು. ಬೆಳೆಯುವ ಊರುಗಳೆಲ್ಲ ಇದೇ ದಾರಿ ಹುಡುಕುತ್ತಿವೆ.

ನಮ್ಮ ಮಾವನವರ ವಿಷಯ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇದೇ ಆಗಿರುತ್ತದೆ. ಅವರು ಮೈಸೂರಿನ ಸರಸ್ವತಿಪುರಂನವರು. ಬೆಳಿಗ್ಗೆ ನಡೆದು ಹೋಗಿ ಹಾಲು, ಪೇಪರು ತರುವುದು, ಸಂಜೆ ಪಾರ್ಕಿನ ಬೆಂಚಿನಲ್ಲಿ ರಾಜಕೀಯ. ಆರು ತಿಂಗಳ ವೀಸಾದಲ್ಲಿ ಇಲ್ಲಿಗೆ ಬಂದರು. ಎರಡನೇ ವಾರಕ್ಕೇ ಕಿಟಕಿ ಪಕ್ಕದ ಕುರ್ಚಿ ಅವರದಾಯಿತು. ಕಾರು ಓಡಿಸಲು ಬರುವುದಿಲ್ಲ. ಬಡಾವಣೆಯೊಳಗೆ ಸುತ್ತಬಹುದು, ಆದರೆ ಅಲ್ಲಿ ಮನೆ ಬಿಟ್ಟರೆ ಮನೆ. ಹೊರಗೆ ಬಂದರೆ ಆರು ಲೇನಿನ ರಸ್ತೆ, ಫುಟ್‌ಪಾತು ಅರ್ಧಕ್ಕೆ ನಿಂತು ಹುಲ್ಲಿನಲ್ಲಿ ಮುಗಿದುಹೋಗುತ್ತದೆ. 'ಏನಮ್ಮಾ, ನಿಮ್ಮೂರಲ್ಲಿ ಹಾಲಿಗೂ ಡ್ರೈವಿಂಗ್ ಲೈಸೆನ್ಸ್ ಬೇಕಾ?' ಅಂತ ಕೇಳಿದರು. ತಮಾಷೆಗೇ ಕೇಳಿದ್ದು, ಆದರೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ಭಾನುವಾರ ಅವರನ್ನು ಮ್ಯೂಲರ್‌ಗೆ ಕರೆದುಕೊಂಡು ಹೋದೆವು. ಅದು ಹಳೇ ವಿಮಾನ ನಿಲ್ದಾಣ. 1999ರಲ್ಲಿ ವಿಮಾನಗಳು ಬರ್ಗ್‌ಸ್ಟ್ರಾಮ್‌ನ ಹೊಸ ನಿಲ್ದಾಣಕ್ಕೆ ಹೋದ ಮೇಲೆ ಉಳಿದ ಸುಮಾರು 700 ಎಕರೆಯಲ್ಲಿ ಹೊಸ ಊರನ್ನೇ ಕಟ್ಟಿದ್ದಾರೆ. ಸಾಲು ಮನೆಗಳ ಬಾಗಿಲು ನೇರ ಫುಟ್‌ಪಾತಿಗೆ ತೆರೆಯುತ್ತದೆ, ಗ್ಯಾರೇಜು ಹಿಂದಿನ ಓಣಿಯಲ್ಲಿ. ಹೊರಗಿನಿಂದ ಒಂದು ದೊಡ್ಡ ಬಂಗಲೆ ಅನ್ನಿಸುವ ಕಟ್ಟಡದಲ್ಲಿ ಹಲವು ಸಂಸಾರ. ಒಟ್ಟು ಮನೆಗಳಲ್ಲಿ ಕಾಲು ಭಾಗ ಕಡಿಮೆ ಆದಾಯದವರಿಗೆ ಮೀಸಲು. ಯಾವುದು ಅವರದು, ಯಾವುದು ಲಕ್ಷಗಟ್ಟಲೆ ಡಾಲರಿನದು ಅಂತ ಬೀದಿಯಲ್ಲಿ ನಿಂತು ನೋಡಿದರೆ ಗೊತ್ತಾಗುವುದಿಲ್ಲ. ಸಂತೆ ಸುತ್ತಿ, ಕೆರೆ ಸುತ್ತಿ, ಎಚ್‌ಇಬಿ ದಿನಸಿ ಅಂಗಡಿಗೆ ನಡೆದೇ ಹೋಗಿ ಮಾವ ಹಾಲಿನ ಕ್ಯಾನು ತಾವೇ ಹಿಡಿದುಕೊಂಡು ಬಂದರು. ಮಾರನೇ ದಿನ 'ನೀವು ಅಲ್ಲೇ ಯಾಕೆ ಮನೆ ತಗೊಳ್ಳಲಿಲ್ಲ?' ಅಂತ ವಿಚಾರಣೆ. ಅಂಥ ಜಾಗ ಈ ಊರಲ್ಲಿ ಬೆರಳೆಣಿಕೆಯಷ್ಟು, ಅದಕ್ಕೇ ಅಷ್ಟು ದುಬಾರಿ. ಕಟ್ಟಲು ಬಿಟ್ಟರೆ ತಾನೇ ಜಾಸ್ತಿಯಾಗುವುದು?

ಈಗ ನನ್ನ ಕೋರಿಕೆ. ನಮ್ಮ ಮುಖ್ಯ ರಸ್ತೆಗೆ ಮನೆಗಳು ಬರುತ್ತವೆ, ಅದು ನಿರ್ಧಾರವಾಗಿದೆ. ಜೊತೆಗೆ ಏನು ಬರಬೇಕು ಅನ್ನುವುದು ಇನ್ನೂ ನಿರ್ಧಾರವಾಗಿಲ್ಲ. ನಮ್ಮ ಜಗಳ ಅಲ್ಲಿರಬೇಕು. ಅರ್ಧಕ್ಕೆ ನಿಂತ ಫುಟ್‌ಪಾತು ಪೂರ್ತಿಯಾಗಲಿ. ಆರು ಲೇನಿನ ರಸ್ತೆ ದಾಟಲು ಸಿಗ್ನಲ್ ಇರುವ ದಾಟುದಾರಿ ಬೇಕು. ಬಸ್ಸು ಹೆಚ್ಚು ಬಾರಿ ಬರಬೇಕು. ಅಪಾರ್ಟ್‌ಮೆಂಟಿನ ಕೆಳಗೆ ಒಂದೆರಡು ಅಂಗಡಿ ಇರಲಿ ಅಂತ ಕಟ್ಟುವವರನ್ನೇ ಕೇಳೋಣ. 2020ರ ನವೆಂಬರ್‌ನಲ್ಲಿ ಈ ಊರು ಲೈಟ್ ರೈಲಿಗೆ ಮತ ಹಾಕಿತು. 2023ರಲ್ಲಿ ಅದನ್ನು ಸುಮಾರು 10 ಮೈಲಿಗೆ ಮೊಟಕು ಮಾಡಿದರು, ನಮ್ಮ ಕಡೆಗೆ ಅದು ಬರುವುದೇ ಇಲ್ಲ. ಅದರ ಬಗ್ಗೆ ಒಂದು ಮನವಿ ಪತ್ರವೂ ನಮ್ಮ ಗುಂಪಿನಲ್ಲಿ ಓಡಾಡಲಿಲ್ಲ! ಒಬ್ಬರೂ ಸಿಟ್ಟಾಗಲಿಲ್ಲ. ನನಗೆ ಬೇಜಾರಾದದ್ದು ಅಲ್ಲಿ.

ಕೌನ್ಸಿಲ್ ಸಭೆ ನಡೆಯುವುದು ಗುರುವಾರಗಳಂದು. ಮೊದಲೇ ಹೆಸರು ಬರೆಸಿದರೆ ಮಾತಾಡಬಹುದು, ಫೋನಿನಲ್ಲೂ ಆಗುತ್ತದೆ. 2015ರಿಂದ ಹತ್ತು ಜಿಲ್ಲೆಗೆ ಹತ್ತು ಸದಸ್ಯರಿದ್ದಾರೆ, ನಿಮ್ಮ ಜಿಲ್ಲೆಯವರಿಗೆ ನೇರವಾಗಿ ಬರೆಯಬಹುದು. ಪೌರತ್ವ ಇಲ್ಲದವರಿಗೆ ಮತ ಇಲ್ಲ ನಿಜ, ಆದರೆ ಮಾತಾಡುವುದಕ್ಕೆ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಇದುವರೆಗೆ ಅಲ್ಲಿ ಹೋಗಿ ಮಾತಾಡುವವರಲ್ಲಿ ಜಾಸ್ತಿ ಜನ ಮನೆ ಇರುವವರು, ವಯಸ್ಸಾದವರು, ಬಿಡುವಿರುವವರು. ಬಾಡಿಗೆಯಲ್ಲಿರುವ ನಮ್ಮ ಹುಡುಗ ಹುಡುಗಿಯರನ್ನೂ ಕರೆದುಕೊಂಡು ಹೋಗೋಣ.

ಫುಟ್‌ಪಾತು, ದಾಟುದಾರಿ, ಬಸ್ಸು, ಈ ಮೂರನ್ನೇ ಕೇಳುವ ಪತ್ರದ ಕರಡು ಬರೆದಿಟ್ಟಿದ್ದೇನೆ. ಗುಂಪಿನಲ್ಲಿ ಹಾಕುತ್ತೇನೆ. ಬಸ್ ಸ್ಟಾಪಿಗೆ ನೆರಳೂ ಬೇಕು ಅಂತ ಸೇರಿಸೋಣವೋ, ಅಥವಾ ಅದಕ್ಕೆ ಬೇರೆ ಇಲಾಖೆಗೆ ಬೇರೆ ಪತ್ರ ಬೇಕಾಗುತ್ತದೋ, ಗೊತ್ತಿರುವವರು ದಯವಿಟ್ಟು ತಿಳಿಸಿ. ಗುರುವಾರದ ಸಭೆಗೆ ಹೋಗಲು ಕಾರಿನಲ್ಲಿ ಇನ್ನೂ ಮೂರು ಜನಕ್ಕೆ ಜಾಗ ಇದೆ.

ಇಂತಿ,
ನಾರ್ತ್ ಆಸ್ಟಿನ್‌ನ ಒಬ್ಬ ಕನ್ನಡತಿ, ನಿಮ್ಮ ಹಾಗೇ ಮನೆಸಾಲ ಕಟ್ಟುತ್ತಿರುವವಳು